ಗಡ್ಡದೋತಿಯ ರೋಗ ಮತ್ತು ವಸತಿ

ಆಸ್ಟ್ರೇಲಿಯದ ಒಳನಾಡಿನ ಅರೆಮರುಭೂಮಿಯಲ್ಲಿ ಬೆಳಗಿನ ಹೊತ್ತು ಪ್ರಯಾಣ ಮಾಡುವವರಿಗೆ ಬೇಲಿಗೂಟಗಳ ತುದಿಯಲ್ಲಿಯೂ ಬಿದ್ದ ಮರಗಳ ಕೊಂಬೆಯ ಮೇಲೆಯೂ ಒಂದು ಬಗೆಯ ದೊಡ್ಡ ಓತಿ ಕುಳಿತಿರುವುದು ಕಾಣಸಿಗುತ್ತದೆ. ಅದು ಮೈಯನ್ನು ಚಪ್ಪಟೆಯಾಗಿ ಅಗಲಿಸಿಕೊಂಡು, ಬೆನ್ನನ್ನು ಸೂರ್ಯನಿಗೆ ಒಡ್ಡಿ, ಕದಲದೆ ಇರುತ್ತದೆ. ಶತ್ರು ಸಮೀಪಿಸಿದರೆ ಬಾಯಿ ತೆರೆದು ಗಂಟಲಿನ ಚರ್ಮವನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಆಗ ಅಲ್ಲಿಯ ಮುಳ್ಳಿನಂತಹ ಹುರುಪೆಗಳು ನಿಮಿರಿ ಗಡ್ಡದಂತೆ ತೋರುತ್ತವೆ. ಇದರಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹೆಸರು. ಕನ್ನಡದಲ್ಲಿ ಗಡ್ಡದೋತಿ ಎಂದರೆ ಸಾಕು. ಏಕೆಂದರೆ ನಮ್ಮ ಬೇಲಿಗಳ ಓತಿಕೇತವೂ ಇದೂ ಅಗಾಮಿಡೀ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಈ ಪ್ರಭೇದವನ್ನು ೧೯೨೬ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಎರ್ನ್‌ಸ್ಟ್ ಆಲ್ ಎಂಬವರು ಮೊದಲು ವರ್ಣಿಸಿದರು. ೧೯೮೨ರಲ್ಲಿ ಗ್ಲೆನ್ ಸ್ಟಾರ್ ಎಂಬವರು ಗಡ್ಡವುಳ್ಳ ಓತಿಗಳಿಗಾಗಿ ಪೋಗೋನ ಎಂಬ ಕುಲವನ್ನು ಸ್ಥಾಪಿಸಿದ ಮೇಲೆ ಇದರ ಶಾಸ್ತ್ರೀಯ ನಾಮ ಪೋಗೋನ ವಿಟ್ಟಿಸೆಪ್ಸ್ ಎಂದಾಯಿತು. ಗ್ರೀಕ್ ಭಾಷೆಯಲ್ಲಿ ಪೋಗೋನ್ ಎಂದರೆ ಗಡ್ಡ.

ಬೆಳೆದ ಪ್ರಾಣಿ ಬಾಲವೂ ಸೇರಿ ಸುಮಾರು ಅರ್ಧ ಮೀಟರ್ ಉದ್ದವಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಸ್ವಭಾವ ಸಾಧು, ಕೈಗೆ ಬೇಗ ಪಳಗುತ್ತದೆ. ಆದಕಾರಣ ಆಸ್ಟ್ರೇಲಿಯದಲ್ಲಿಯೂ ಯೂರೋಪು ಅಮೆರಿಕಗಳಲ್ಲಿಯೂ ಇದನ್ನು ಮನೆಗಳಲ್ಲಿ ಸಾಕುವವರು ಬಹಳ ಮಂದಿ. ಆಸ್ಟ್ರೇಲಿಯ ತನ್ನ ಉರಗಗಳನ್ನು ವ್ಯಾಪಾರಕ್ಕಾಗಿ ಜೀವಂತವಾಗಿ ಹೊರಕ್ಕೆ ಕಳುಹಿಸಲು ಬಿಡುವುದಿಲ್ಲವಾದುದರಿಂದ, ಹೊರದೇಶಗಳಲ್ಲಿ ಸಾಕುವ ಗಡ್ಡದೋತಿಗಳೆಲ್ಲ ಬಹುಮಟ್ಟಿಗೆ ಹಲವು ತಲೆಮಾರುಗಳಿಂದ ಪೆಟ್ಟಿಗೆಗಳಲ್ಲಿಯೇ ಹುಟ್ಟಿ ಬೆಳೆದವು. ಪ್ರಯೋಗಶಾಲೆಗಳಿಗೂ ಇದು ಬೇಕಾದ ಪ್ರಾಣಿ. ಮೊಟ್ಟೆಗೆ ಕಾವು ಹೆಚ್ಚಾದಾಗ ವರ್ಣತಂತುಗಳ ಪ್ರಕಾರ ಗಂಡಾಗಬೇಕಾದ ಮರಿ ಹೆಣ್ಣಾಗುವುದೆಂದು ೨೦೦೭ರಲ್ಲಿ ಕ್ಯಾನ್‌ಬೆರದ ವಿಜ್ಞಾನಿಗಳು ತೋರಿಸಿದುದೂ, ೨೦೧೫ರಲ್ಲಿ ಅದೇ ಸಂಗತಿಯನ್ನು ಕಾಡಿನ ಪ್ರಾಣಿಗಳಲ್ಲಿ ಕಂಡುದೂ ಈ ಓತಿಯಲ್ಲಿಯೇ. ಆದುದರಿಂದ ಇದರ ಆರೋಗ್ಯದ ವಿಚಾರ ಹವ್ಯಾಸಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ.

ಇಂತಹ ಪ್ರಾಣಿ ಕಾಯಿಲೆ ಬಿದ್ದಾಗ ಸಾಕಿದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ತಿನ್ನುವುದಿಲ್ಲ, ಮೂಲೆಯಲ್ಲಿ ಕಣ್ಣುಮುಚ್ಚಿ ಬಿದ್ದಿದೆ. ನಾಯಿಯೋ ಹಸುವೋ ಆಗಿದ್ದರೆ ವೈದ್ಯನು ಪ್ರಾಣಿಯ ಮೈಮುಟ್ಟಿ ನೋಡಿ ಪರೀಕ್ಷೆಯನ್ನು ಆರಂಭಿಸುತ್ತಾನೆ. ಉರಗಗಳ ವೈದ್ಯನು ಮೊದಲು ಕೇಳುವುದು ಬೇರೆ. ದೀಪ ಯಾವುದು, ಎಷ್ಟು ಎತ್ತರದಲ್ಲಿದೆ, ಹಚ್ಚಿ ಎಷ್ಟು ತಿಂಗಳಾಯಿತು, ಪೆಟ್ಟಿಗೆಯ ಬಿಸಿಯ ಕಡೆ ಎಷ್ಟು ಡಿಗ್ರಿ, ತಂಪಿನ ಕಡೆ ಎಷ್ಟು, ನೆಲಕ್ಕೆ ಏನು ಹಾಸಿದೆ? ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ನಾವು ಹಾಸ್ಯಕ್ಕೆ ಬಳಸುತ್ತೇವೆ. ಆದರೆ ಗಡ್ಡದೋತಿಯ ರೋಗದ ವಿಚಾರಣೆಯಲ್ಲಿ ಅದು ಕುಳಿತ ಸ್ಥಳವೇ ನಿಜವಾದ ಸಾಕ್ಷಿ. ಅದರ ರೋಗಗಳಲ್ಲಿ ಹೆಚ್ಚಿನವು ಪೆಟ್ಟಿಗೆಯಲ್ಲಿ ಹುಟ್ಟುತ್ತವೆ. ಹೊರಗಿನಿಂದ ಬಂದ ರೋಗವೂ ಪೆಟ್ಟಿಗೆ ಸರಿಯಿಲ್ಲದಿದ್ದರೆ ವಾಸಿಯಾಗುವುದಿಲ್ಲ. ಇದು ಏಕೆ ಹೀಗೆ ಎಂಬುದನ್ನು ತಿಳಿಯಬೇಕಾದರೆ ಉರಗಗಳ ದೇಹೋಷ್ಣದ ವಿಷಯವನ್ನು ಸ್ವಲ್ಪ ನೋಡಬೇಕು.

ಉರಗಗಳನ್ನು ಶೀತರಕ್ತದ ಪ್ರಾಣಿಗಳೆಂದು ಪಾಠಪುಸ್ತಕಗಳು ಬಹುಕಾಲ ಕರೆದುವು. ಈ ಹೆಸರು ಅಷ್ಟೇನೂ ಒಳ್ಳೆಯದಲ್ಲ. ೧೯೪೪ರಲ್ಲಿ ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಎಂಬವರು ಮರುಭೂಮಿಯ ಉರಗಗಳ ದೇಹೋಷ್ಣವನ್ನು ಅಳೆದು ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಲ್ಲಿ ಓತಿಗಳು ಬಿಸಿಲಿಗೂ ನೆರಳಿಗೂ ಓಡಾಡುತ್ತ, ಮೈಯನ್ನು ಸೂರ್ಯನ ಕಡೆಗೆ ತಿರುಗಿಸುತ್ತ, ಬಿಲದೊಳಕ್ಕೆ ಇಳಿಯುತ್ತ ತಮ್ಮ ದೇಹೋಷ್ಣವನ್ನು ಸಾಕಷ್ಟು ಕಿರಿದಾದ ಮಿತಿಯೊಳಗೆ ಇಟ್ಟುಕೊಳ್ಳುತ್ತವೆಂದು ಅದರಿಂದ ತಿಳಿದುಬಂದಿತು. ಹಗಲು ಎಚ್ಚೆತ್ತು ಓಡಾಡುವ ಗಡ್ಡದೋತಿಯ ದೇಹೋಷ್ಣ ಸುಮಾರು ೩೫ ಡಿಗ್ರಿ ಸೆಂಟಿಗ್ರೇಡ್, ಎಂದರೆ ನಮ್ಮದಕ್ಕಿಂತ ಅಷ್ಟೇನೂ ಕಡಮೆಯಲ್ಲ. ನಮ್ಮ ದೇಹದಲ್ಲಿ ಆ ಶಾಖವನ್ನು ಹುಟ್ಟಿಸುವ ಕೆಲಸ ಒಳಗೆ ನಡೆಯುತ್ತದೆ. ಓತಿಯಲ್ಲಿ ಅದು ಹೊರಗೆ, ಬಿಸಿಲಿನಲ್ಲಿ ನಡೆಯುತ್ತದೆ. ವ್ಯತ್ಯಾಸ ಇಷ್ಟೆ. ಬೆಳಗ್ಗೆ ಮೈಯ ಬಣ್ಣವನ್ನು ಗಾಢವಾಗಿ ಮಾಡಿಕೊಂಡು ಶಾಖವನ್ನು ಬೇಗ ಹೀರಿಕೊಳ್ಳುವುದೂ, ಬಿಸಿ ಏರಿದಾಗ ಬಣ್ಣವನ್ನು ತಿಳಿಗೊಳಿಸುವುದೂ, ಬಾಯಿ ತೆರೆದು ಕೂರುವುದೂ ಈ ಏರ್ಪಾಡಿನ ಅಂಗಗಳೇ. ಬೆಂಗಳೂರಿನ ಸುತ್ತಲಿನ ಬಂಡೆಗಳ ಮೇಲೆ ಬೆಳಗಿನ ಬಿಸಿಲು ಕಾಯಿಸುವ ಓತಿಗಳಲ್ಲಿಯೂ ವಿದ್ಯಾರ್ಥಿಗಳು ಈ ಬಗೆಯ ನಡವಳಿಕೆಯನ್ನು ನೋಡಬಹುದು.

ಇದರ ಪರಿಣಾಮ ಸ್ಪಷ್ಟವಾಗಿದೆ. ಜಠರದ ಕಿಣ್ವಗಳು, ಹೃದಯದ ಬಡಿತ, ರೋಗಾಣುಗಳ ಮೇಲೆ ಬೀಳುವ ರಕ್ತಕಣಗಳು—ಎಲ್ಲವೂ ಆ ೩೫ ಡಿಗ್ರಿಗೆ ಹೊಂದಿಕೊಂಡು ಕೆಲಸ ಮಾಡುತ್ತವೆ. ೨೪ ಡಿಗ್ರಿಯ ಕೋಣೆಯಲ್ಲಿ ನಮಗೆ ಹಿತವಾಗಿರುತ್ತದೆ. ಅದೇ ಕೋಣೆಯಲ್ಲಿ ದೀಪವಿಲ್ಲದೆ ಬಿದ್ದ ಗಡ್ಡದೋತಿಯ ಹೊಟ್ಟೆಯೊಳಗಿನ ಹುಳು ಜೀರ್ಣವಾಗದೆ ಕೊಳೆಯುತ್ತದೆ.

ಇಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಕ್ಲೂಗರ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ರೋಗಿಷ್ಠ ಉರಗದ ಶುಶ್ರೂಷೆಗೆಲ್ಲ ಇವು ಬುನಾದಿ ಎಂದು ಈ ಲೇಖಕನ ಅಭಿಪ್ರಾಯ. ಅವರು ಆರಿಸಿಕೊಂಡುದು ಅಮೆರಿಕದ ಮರುಭೂಮಿಯ ಡಿಪ್ಸೊಸಾರಸ್ ಎಂಬ ಇಗ್ವಾನ. ಒಂದು ಕಡೆ ಬಹಳ ಬಿಸಿಯಾಗಿಯೂ ಇನ್ನೊಂದು ಕಡೆ ತಂಪಾಗಿಯೂ ಇರುವ ಆವರಣದಲ್ಲಿ ಇದನ್ನು ಬಿಟ್ಟರೆ ಅದು ಅತ್ತಿತ್ತ ಓಡಾಡಿ ದೇಹೋಷ್ಣವನ್ನು ೩೮ ಡಿಗ್ರಿಯ ಸುಮಾರಿನಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೆ ಏರೊಮೋನಾಸ್ ಎಂಬ ಬ್ಯಾಕ್ಟೀರಿಯವನ್ನು ಚುಚ್ಚಿದಾಗ ಅದು ಬಿಸಿಯ ಕಡೆ ಹೆಚ್ಚು ಹೊತ್ತು ಕುಳಿತು ದೇಹೋಷ್ಣವನ್ನು ಎರಡು ಡಿಗ್ರಿಯಷ್ಟು ಏರಿಸಿಕೊಂಡಿತು. ಎಂದರೆ ಅದಕ್ಕೆ ಜ್ವರ ಬಂದಿತು. ಆದರೆ ಆ ಜ್ವರವನ್ನು ಅದು ನಡೆದುಹೋಗಿ ತಂದುಕೊಂಡಿತು! ಇದು ೧೯೭೪ರ ಮಾತು. ಮರುವರ್ಷ ಅವರು ಸೋಂಕು ತಗುಲಿದ ಇಗ್ವಾನಗಳನ್ನು ೩೪ರಿಂದ ೪೨ ಡಿಗ್ರಿಯವರೆಗೆ ಬೇರೆ ಬೇರೆ ಸ್ಥಿರವಾದ ಉಷ್ಣತೆಗಳಲ್ಲಿ ಇರಿಸಿದರು. ೩೪ ಡಿಗ್ರಿಯಲ್ಲಿ ಇದ್ದವುಗಳಿಗಿಂತ ೪೦ ಡಿಗ್ರಿಯಲ್ಲಿ ಇದ್ದವು ಬಹಳ ಹೆಚ್ಚಿನ ಪ್ರಮಾಣದಲ್ಲಿ ಬದುಕಿಕೊಂಡವು. ೧೯೭೬ರಲ್ಲಿ ಜ್ವರವನ್ನು ತಗ್ಗಿಸುವ ಸ್ಯಾಲಿಸಿಲೇಟ್ ಔಷಧವನ್ನು ಸೋಂಕಿನೊಂದಿಗೆ ಕೊಟ್ಟು ನೋಡಿದರು. ಔಷಧವನ್ನು ಮೀರಿ ಜ್ವರ ತಂದುಕೊಂಡವು ಉಳಿದವು. ಜ್ವರ ಬಾರದವು ಸತ್ತವು.

ಡಿಪ್ಸೊಸಾರಸ್ ಬೇರೆ ಕುಟುಂಬದ ಪ್ರಾಣಿ. ಅದಕ್ಕೆ ಸಲ್ಲುವ ಅಂಕಿಗಳನ್ನು ಹಾಗೆಯೇ ಗಡ್ಡದೋತಿಗೆ ಹೊಂದಿಸಲಾಗದು. ತತ್ತ್ವ ಮಾತ್ರ ಒಂದೇ. ಕಾಯಿಲೆಯ ಓತಿಯನ್ನು ವಿಶ್ರಾಂತಿಗೆಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ತಂಪಾದ ಕತ್ತಲೆಯ ಮೂಲೆಯಲ್ಲಿಡುವವರು, ಸದುದ್ದೇಶದಿಂದಲೇ, ಆ ಮೂರನೆಯ ಪ್ರಯೋಗವನ್ನು ಮನೆಯಲ್ಲಿ ಮತ್ತೆ ಮಾಡುತ್ತಾರೆ. ಆದರೆ ಶಾಖವನ್ನು ಹೇರುವುದೂ ತಪ್ಪು. ಓತಿಗೆ ಬಿಸಿಯೂ ತಂಪೂ ಎರಡೂ ಸಿಕ್ಕಬೇಕು, ಆಯ್ಕೆ ಅದರದಾಗಬೇಕು. ಕಾಲೆಳೆಯಲಾಗದಷ್ಟು ಸೊರಗಿದ ಪ್ರಾಣಿಯನ್ನು ಉರಿಯುವ ದೀಪದ ನೇರಕ್ಕೆ ಇಟ್ಟರೆ ಅದು ಅಲ್ಲಿಂದ ಸರಿಯಲಾರದೆ ಬೆಂದುಹೋಗಬಹುದು. ಅಂತಹುದನ್ನು ೩೦ ಡಿಗ್ರಿಗೆ ಸ್ವಲ್ಪ ಮೇಲಿನ ಸೌಮ್ಯವಾದ ಶಾಖದಲ್ಲಿ ಇರಿಸಿ, ಚೇತರಿಸಿದಂತೆ ಆಯ್ಕೆಯನ್ನು ಅದಕ್ಕೆ ಮರಳಿಸಬೇಕು.

ಹಾಗಾದರೆ ವಸತಿ ಹೇಗಿರಬೇಕು? ಬೆಳೆದ ಒಂದು ಪ್ರಾಣಿಗೆ ೧೨೦ ಸೆಂಟಿಮೀಟರ್ ಉದ್ದ, ೬೦ ಅಗಲ, ೬೦ ಎತ್ತರದ ಪೆಟ್ಟಿಗೆ ಕನಿಷ್ಠ ಅಳತೆ. ಉದ್ದ ಇಷ್ಟಿಲ್ಲದಿದ್ದರೆ ಒಂದು ತುದಿ ಬಿಸಿಯಾಗಿ ಇನ್ನೊಂದು ತುದಿ ತಂಪಾಗಿ ಉಳಿಯುವುದೇ ಇಲ್ಲ. ಚಿಕ್ಕ ಗಾಜಿನ ತೊಟ್ಟಿಯ ದೊಡ್ಡ ದೋಷ ಇದೇ. ಬಿಸಿಯ ತುದಿಯಲ್ಲಿ ಒಂದು ಕಲ್ಲನ್ನೋ ದಪ್ಪ ಕೊಂಬೆಯನ್ನೋ ಇಟ್ಟು, ಮೇಲಿನಿಂದ ದೀಪವನ್ನು ಬಿಟ್ಟು, ಅದರ ಮೇಲ್ಮೈ ೩೮ರಿಂದ ೪೨ ಡಿಗ್ರಿ ಬರುವಂತೆ ನೋಡಿಕೊಳ್ಳಬೇಕು. ತಂಪಿನ ತುದಿಯಲ್ಲಿ ೨೪ರಿಂದ ೨೭ ಡಿಗ್ರಿ ಇದ್ದರೆ ಸರಿ. ರಾತ್ರಿ ೧೮ರಿಂದ ೨೨ಕ್ಕೆ ಇಳಿದರೂ ಆರೋಗ್ಯವಂತ ಪ್ರಾಣಿಗೆ ತೊಂದರೆಯಿಲ್ಲ. ಮರುಭೂಮಿಯ ರಾತ್ರಿ ಅದಕ್ಕಿಂತಲೂ ತಣ್ಣಗಿರುತ್ತದೆ. ಗೋಡೆಗೆ ಅಂಟಿಸಿದ ಒಂದೇ ಉಷ್ಣಮಾಪಕವನ್ನು ನಂಬಬಾರದು. ಅದು ಗೋಡೆಯ ಬಿಸಿಯನ್ನು ಹೇಳುತ್ತದೆ, ಓತಿ ಕುಳಿತ ಕಲ್ಲಿನದನ್ನಲ್ಲ. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಇವನ್ನು ಕೊಳ್ಳದಿರುವುದು ಲೇಸು. ಓತಿ ಮೇಲಿನಿಂದ ಬರುವ ಶಾಖಕ್ಕೆ ಹೊಂದಿಕೊಂಡ ಪ್ರಾಣಿ. ಹೊಟ್ಟೆಯ ಕೆಳಗಿನ ಶಾಖ ಸುಡುವಷ್ಟಾದರೂ ಅನೇಕ ವೇಳೆ ಎದ್ದುಹೋಗದೆ ಸುಟ್ಟ ಗಾಯ ಮಾಡಿಕೊಳ್ಳುತ್ತದೆ.

ರಾತ್ರಿ ಎಲ್ಲ ದೀಪಗಳೂ ಆರಿರಬೇಕು, ಕೆಂಪು ದೀಪವೂ ಬೇಡ. ೨೦೧೬ರಲ್ಲಿ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾಲಯದವರು ಮಲಗಿದ ಗಡ್ಡದೋತಿಯ ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸಿ, ಅದರ ನಿದ್ರೆಯಲ್ಲಿ ಎರಡು ಅವಸ್ಥೆಗಳು ಸುಮಾರು ೮೦ ಸೆಕೆಂಡುಗಳಿಗೊಮ್ಮೆ ಸುತ್ತುತ್ತವೆಂದು ತೋರಿಸಿದರು. ಅವುಗಳಲ್ಲೊಂದು ನಾವು ಕನಸು ಕಾಣುವ ನಿದ್ರೆಯನ್ನು ಹೋಲುತ್ತದೆ. ಇಷ್ಟು ನಾಜೂಕಾದ ನಿದ್ರೆಯುಳ್ಳ ಪ್ರಾಣಿಗೆ ಕತ್ತಲೆಯನ್ನು ಕೊಡದಿರುವುದಕ್ಕೆ ಯಾವ ಸಬೂಬೂ ಇಲ್ಲ. ಶಾಖ ಬೇಕಾದರೆ ಬೆಳಕಿಲ್ಲದ ಪಿಂಗಾಣಿಯ ಹೀಟರನ್ನು ಥರ್ಮೊಸ್ಟಾಟಿಗೆ ಜೋಡಿಸಬಹುದು.

ಇನ್ನು ಬೆಳಕಿನ ಮಾತು. ಸಾಕಿದ ಗಡ್ಡದೋತಿಯನ್ನು ಬಾಧಿಸುವ ರೋಗಗಳಲ್ಲಿ ಮುಖ್ಯವಾದುದು ಅಸ್ಥಿರೋಗ. ಮಕ್ಕಳ ರಿಕೆಟ್ಸ್ ರೋಗಕ್ಕೆ ಇದು ಬಳಗ. ಚರ್ಮದಲ್ಲಿ ಕೊಲೆಸ್ಟೆರಾಲಿನ ಜಾತಿಯ ಒಂದು ವಸ್ತುವಿದೆ. ಸೂರ್ಯನ ಅತಿನೇರಿಳೆ ಕಿರಣಗಳಲ್ಲಿ ಸುಮಾರು ೨೯೦ರಿಂದ ೩೨೦ ನ್ಯಾನೊಮೀಟರ್ ಅಲೆಯುದ್ದವುಳ್ಳವು ತಗುಲಿದಾಗ ಇದು ಡಿ ಜೀವಸತ್ವದ ಪೂರ್ವರೂಪವಾಗಿ ಮಾರ್ಪಡುತ್ತದೆ; ಆಮೇಲೆ ದೇಹದ ಶಾಖದಿಂದ ಜೀವಸತ್ವವೇ ಆಗುತ್ತದೆ. ಇಲ್ಲಿಯೂ ಬೆಳಕು ಮತ್ತು ಶಾಖ ಎರಡೂ ಬೇಕೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಮತ್ತಷ್ಟು ಮಾರ್ಪಟ್ಟ ಈ ವಸ್ತು ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುತ್ತದೆ. ಕಿರಣ ಸಿಕ್ಕದಿದ್ದರೆ ಆಹಾರದಲ್ಲಿ ಎಷ್ಟು ಕ್ಯಾಲ್ಸಿಯಂ ಇದ್ದರೂ ರಕ್ತಕ್ಕೆ ಏರುವುದು ಅಲ್ಪ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಸ್ನಾಯುಗಳೂ ಹೃದಯವೂ ಕೆಲಸ ಮಾಡಲಾರವು. ಆದಕಾರಣ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ತುಂಬುತ್ತದೆ. ಮನೆಯ ತೊಲೆಗಳನ್ನು ಕಿತ್ತು ಒಲೆಗೆ ಹಾಕಿದಂತೆ ಇದು. ತಿಂಗಳುಗಟ್ಟಲೆ ಹೊರಗೆ ಏನೂ ಕಾಣಿಸುವುದಿಲ್ಲ. ಮೊದಲು ಕಾಲ್ಬೆರಳುಗಳಲ್ಲಿ ಸಣ್ಣ ನಡುಕ ತೋರುತ್ತದೆ, ಓತಿ ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತುವುದಿಲ್ಲ. ಆಮೇಲೆ ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಬೆನ್ನೂ ಬಾಲವೂ ಡೊಂಕಾಗುತ್ತವೆ, ಸುಮ್ಮನೆ ಎತ್ತಿಕೊಂಡರೂ ತೊಡೆಯೆಲುಬು ಮುರಿಯುತ್ತದೆ. ಕ್ಷಕಿರಣದ ಚಿತ್ರದಲ್ಲಿ ಮೂಳೆ ತೆಳ್ಳಗೆ ಕಾಣುವ ಹೊತ್ತಿಗೆ ಅದರ ಗಣನೀಯ ಭಾಗ ಆಗಲೇ ಕರಗಿಹೋಗಿರುತ್ತದೆ.

ಈ ಕಿರಣಗಳು ಸಾಮಾನ್ಯ ಕಿಟಕಿಯ ಗಾಜನ್ನು ಹಾದುಬರುವುದಿಲ್ಲ. ಕಿಟಕಿಯ ಒಳಗೆ ಬಿಸಿಲಿನಲ್ಲಿ ಇಟ್ಟ ಓತಿಗೆ ಶಾಖ ಸಿಕ್ಕುತ್ತದೆ, ಜೀವಸತ್ವ ಸಿಕ್ಕುವುದಿಲ್ಲ. ಮುಚ್ಚಿದ ಗಾಜಿನ ತೊಟ್ಟಿಯಲ್ಲಿಯಾದರೆ ಶಾಖವೂ ಮಿತಿಮೀರಿ ಪ್ರಾಣಕ್ಕೇ ಅಪಾಯ. ಆದುದರಿಂದ ಈ ಕಿರಣಗಳನ್ನು ಕೊಡುವ ವಿಶೇಷ ಟ್ಯೂಬ್ ದೀಪಗಳನ್ನು ಬಳಸುತ್ತಾರೆ. ಪೆಟ್ಟಿಗೆಯ ಉದ್ದದ ಅರ್ಧಕ್ಕೂ ಹೆಚ್ಚು ಭಾಗವನ್ನು ಆವರಿಸುವಂತೆ, ಬಿಸಿಯ ದೀಪದ ಪಕ್ಕದಲ್ಲಿಯೇ, ತಯಾರಿಸಿದವರು ಸೂಚಿಸಿದ ದೂರದಲ್ಲಿ ಇದನ್ನು ಕೂಡಿಸಬೇಕು. ಈ ದೀಪಗಳ ಒಂದು ಮೋಸವನ್ನು ಅರಿತಿರಬೇಕು. ಕಣ್ಣಿಗೆ ಕಾಣುವ ಬೆಳಕು ಮೊದಲಿನಂತೆಯೇ ಇದ್ದರೂ ಕಾಣದ ಕಿರಣ ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಬರುತ್ತದೆ. ಆದುದರಿಂದ ಮಾಪಕದಿಂದ ಅಳೆಯಬೇಕು. ಮಾಪಕವಿಲ್ಲದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟ್ಯೂಬನ್ನು ಬದಲಿಸಬೇಕು. ಜೀವಸತ್ವದ ಪುಡಿಯನ್ನು ಆಹಾರಕ್ಕೆ ಬೆರೆಸಿದರೆ ದೀಪವೇಕೆ ಎಂದು ಕೇಳುವವರುಂಟು. ೨೦೧೦ರಲ್ಲಿ ನೆದರ್ಲೆಂಡಿನ ಊನಿಂಕ್ಸ್ ಮತ್ತು ಸಂಗಡಿಗರು ಗಡ್ಡದೋತಿಯ ಮರಿಗಳಲ್ಲಿಯೇ ಇದನ್ನು ಪರೀಕ್ಷಿಸಿದರು. ದಿನಕ್ಕೆ ಎರಡೇ ಗಂಟೆ ಕಿರಣಕ್ಕೆ ಮೈಯೊಡ್ಡಿದ ಮರಿಗಳ ರಕ್ತದಲ್ಲಿ ಈ ಜೀವಸತ್ವದ ಉತ್ಪನ್ನಗಳು ಬಾಯಿಂದ ತೆಗೆದುಕೊಂಡ ಮರಿಗಳಲ್ಲಿದ್ದುದಕ್ಕಿಂತ ಹಲವು ಪಾಲು ಹೆಚ್ಚಾಗಿದ್ದವು.

ಆಹಾರದ ದೋಷ ಈ ರೋಗವನ್ನು ಬೇಗ ತರುತ್ತದೆ. ಮರಿಗಳು ಹೆಚ್ಚಾಗಿ ಹುಳುಗಳನ್ನೂ ಬೆಳೆದವು ಹೆಚ್ಚಾಗಿ ಸೊಪ್ಪನ್ನೂ ತಿನ್ನುತ್ತವೆ. ಸಾಕುವವರು ಕೊಡುವ ಚಿಮ್ಮಂಡೆ ಹುಳುವಿನಲ್ಲಿ ಕ್ಯಾಲ್ಸಿಯಂ ಒಂದು ಪಾಲಿದ್ದರೆ ರಂಜಕ ಎಂಟೊಂಬತ್ತು ಪಾಲಿರುತ್ತದೆ; ಬೇಕಾದುದು ರಂಜಕಕ್ಕೆ ಎರಡರಷ್ಟು ಕ್ಯಾಲ್ಸಿಯಂ. ಹೀಗಾಗಿ ಹುಳುಗಳ ಮೇಲೆ ಕ್ಯಾಲ್ಸಿಯಂ ಪುಡಿಯನ್ನು ಉದುರಿಸಿ ಕೊಡುವುದು ಅಗತ್ಯ. ಪಾಲಕ್ ಸೊಪ್ಪಿನ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದನ್ನೇ ನಿತ್ಯಾಹಾರ ಮಾಡಬಾರದು. ತೋಟದಿಂದ ಹಿಡಿದ ಹುಳುಗಳಲ್ಲಿ ಒಂದು ವಿಶೇಷವಾದ ಅಪಾಯವಿದೆ. ಅಮೆರಿಕದ ಫೋಟೈನಸ್ ಎಂಬ ಮಿಂಚುಹುಳುವಿನ ದೇಹದಲ್ಲಿ ನೆಲಗಪ್ಪೆಯ ವಿಷವನ್ನು ಹೋಲುವ ವಸ್ತುಗಳಿವೆ. ಒಂದೇ ಒಂದು ಹುಳುವನ್ನು ನುಂಗಿದ ಗಡ್ಡದೋತಿ ಸಾಯಬಹುದೆಂದು ೧೯೯೯ರಲ್ಲಿ ವರದಿಯಾಯಿತು. ಅಮೆರಿಕದ ಹಲ್ಲಿಗಳ ನಡುವೆ ವಿಕಾಸಗೊಂಡ ಈ ಹುಳುವನ್ನು ಆಸ್ಟ್ರೇಲಿಯದ ಓತಿ ಎಂದೂ ಕಂಡುದಲ್ಲ. ಬಿಟ್ಟುಬಿಡಬೇಕೆಂಬ ಅರಿವು ಅದಕ್ಕೆ ಎಲ್ಲಿಂದ ಬರಬೇಕು?

ಪೆಟ್ಟಿಗೆಗೆ ಸಂಬಂಧಿಸದ ರೋಗಗಳೂ ಇವೆ. ಅಡಿನೊವೈರಸ್ ಮರಿಗಳನ್ನು ಬೆಳವಣಿಗೆ ಕುಗ್ಗಿಸಿ ಕೊಲ್ಲುತ್ತದೆ. ಬೆಳೆದ ಪ್ರಾಣಿಗಳಲ್ಲಿ ಯಾವ ಲಕ್ಷಣವೂ ಇಲ್ಲದೆ ಅಡಗಿದ್ದು ಮಲದ ಮೂಲಕ ಹರಡುತ್ತದೆ. ಇದನ್ನು ನೀಗಿಸುವ ಔಷಧವಿಲ್ಲ. ನ್ಯಾನಿಜಿಯಾಪ್ಸಿಸ್ ಎಂಬ ಶಿಲೀಂಧ್ರ ಚರ್ಮವನ್ನು ಹಳದಿಯ ಹಕ್ಕಳೆಗಳಾಗಿ ಕೊರೆದು ಒಳಕ್ಕೆ ಇಳಿಯುತ್ತದೆ. ಕರುಳಿನ ಏಕಕೋಶಜೀವಿಗಳು ಬಹಳ ಸಾಮಾನ್ಯ. ಈ ಕಾರಣಗಳಿಂದಲೇ ಹೊಸದಾಗಿ ತಂದ ಪ್ರಾಣಿಯನ್ನು ಎರಡು ಮೂರು ತಿಂಗಳು ಪ್ರತ್ಯೇಕವಾಗಿರಿಸಿ ಮಲಪರೀಕ್ಷೆ ಮಾಡಿಸಬೇಕು. ಎರಡು ಓತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಕುವುದಂತೂ ಬೇಡ.

ಶುಶ್ರೂಷೆಯಲ್ಲಿ ಕ್ರಮ ಮುಖ್ಯ. ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಆಹಾರ. ಮೈ ತಣ್ಣಗಿರುವ ಓತಿಯ ಬಾಯಿಗೆ ಹಿಟ್ಟನ್ನೋ ಹುಳುವನ್ನೋ ತುರುಕುವುದರಿಂದ ಹಾನಿಯೇ ಹೆಚ್ಚು. ಅರಗಿಸುವ ಶಕ್ತಿ ಅದಕ್ಕಿರುವುದಿಲ್ಲ, ಆಹಾರ ಶ್ವಾಸನಾಳಕ್ಕೆ ಹೋಗುವ ಭಯವೂ ಇದೆ. ನೀರು ಬತ್ತಿದ ಗುರುತನ್ನು ಮಲದೊಡನೆ ಬೀಳುವ ಬಿಳಿಯ ಭಾಗದಲ್ಲಿ ನೋಡಬಹುದು. ಅದು ಯೂರಿಕ್ ಆಮ್ಲ. ಮೃದುವಾಗಿ ಬೆಳ್ಳಗಿರಬೇಕಾದುದು ಹಳದಿಯಾಗಿ ಸೀಮೆಸುಣ್ಣದಂತೆ ಗಟ್ಟಿಯಾಗುತ್ತದೆ. ಆಗ ವೈದ್ಯನು ಚರ್ಮದ ಕೆಳಗೆ ದ್ರವವನ್ನು ಕೊಡುತ್ತಾನೆ. ಮನೆಯಲ್ಲಿ ತುಟಿಯ ಅಂಚಿಗೆ ಹನಿಹನಿಯಾಗಿ ನೀರನ್ನು ಬಿಡಬಹುದು. ನೀರು ಬತ್ತಿದ ಪ್ರಾಣಿಗೆ ಕೆಲವು ಪ್ರತಿಜೀವಕ ಔಷಧಗಳನ್ನು ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಔಷಧ ದೇಹದಿಂದ ಹೊರಹೋಗುವ ವೇಗವೂ ದೇಹೋಷ್ಣವನ್ನೇ ಅವಲಂಬಿಸಿದೆ; ಸರಿಯಾದ ಶಾಖದಲ್ಲಿಲ್ಲದ ಓತಿಗೆ ಸರಿಯಾದ ಪ್ರಮಾಣವೆಂಬುದೇ ಇಲ್ಲ. ಮರಳು ಹಾಸಿದ್ದರೆ ತೆಗೆದು ಬಿಳಿಯ ಕಾಗದವನ್ನು ಹಾಸಬೇಕು. ದುರ್ಬಲವಾದ ಪ್ರಾಣಿ ಮರಳನ್ನು ನುಂಗಿ ಕರುಳು ಕಟ್ಟಿಸಿಕೊಳ್ಳುವುದು ಇದರಿಂದ ತಪ್ಪುತ್ತದೆ, ಮಲದ ಬಣ್ಣವೂ ತಿಳಿಯುತ್ತದೆ. ಅಸ್ಥಿರೋಗದಲ್ಲಿ ದೀಪ, ಶಾಖ, ಬಾಯಿಂದ ಕೊಡುವ ಕ್ಯಾಲ್ಸಿಯಂ ಇವುಗಳಿಂದ ಕೆಲವು ತಿಂಗಳಲ್ಲಿ ಮೂಳೆ ಮತ್ತೆ ಗಟ್ಟಿಯಾಗುತ್ತದೆ, ಆದರೆ ಡೊಂಕಾದುದು ನೇರವಾಗುವುದಿಲ್ಲ. ಅಲ್ಲಿಯವರೆಗೆ ಎತ್ತುವಾಗ ಇಡೀ ದೇಹಕ್ಕೆ ಅಂಗೈಯ ಆಸರೆ ಇರಬೇಕು.

ಚಳಿಗಾಲದಲ್ಲಿ ಬೆಳೆದ ಗಡ್ಡದೋತಿ ತಾನಾಗಿಯೇ ಆಹಾರ ಬಿಟ್ಟು ವಾರಗಟ್ಟಲೆ ಮಲಗುವುದುಂಟು. ಇದು ರೋಗವಲ್ಲ, ಆದರೆ ರೋಗದಂತೆಯೇ ತೋರುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದು ಅಡುಗೆಮನೆಯ ಸಣ್ಣ ತಕ್ಕಡಿ. ಮಲಗಿದ ಆರೋಗ್ಯವಂತ ಪ್ರಾಣಿಯ ತೂಕ ಬಹಳ ಅಲ್ಪವಾಗಿ ಇಳಿಯುತ್ತದೆ. ರೋಗಿಯದು ವಾರದಿಂದ ವಾರಕ್ಕೆ ಕರಗುತ್ತದೆ. ಹತ್ತರಲ್ಲೊಂದು ಪಾಲು ಕಡಮೆಯಾಗಿದ್ದರೆ ವೈದ್ಯನ ಬಳಿಗೆ ಒಯ್ಯಬೇಕು. ಮರಿಗಳು ಹೀಗೆ ಮಲಗುವುದಿಲ್ಲ. ತಿನ್ನದ ಮರಿ ಕಾಯಿಲೆಯ ಮರಿಯೇ.

ಆ ತಕ್ಕಡಿ ಅನಂತರ ಅಡುಗೆಮನೆಗೆ ಮರಳಬಾರದು. ಆರೋಗ್ಯವಾಗಿರುವ ಉರಗಗಳ ಕರುಳಿನಲ್ಲಿಯೂ ಸಾಲ್ಮೊನೆಲ್ಲ ಇರುವುದು ಸಾಮಾನ್ಯ. ಅಮೆರಿಕದಲ್ಲಿ ೨೦೧೨ರಿಂದ ೨೦೧೪ರ ವರೆಗೆ ಸಾಕಿದ ಗಡ್ಡದೋತಿಗಳಿಂದ ಹರಡಿದ ಸಾಲ್ಮೊನೆಲ್ಲ ಸೋಂಕಿಗೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ಮೀರದ ಮಕ್ಕಳು. ಓತಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಅದರ ನೀರಿನ ಬಟ್ಟಲನ್ನು ಊಟದ ಪಾತ್ರೆಗಳ ಜೊತೆಯಲ್ಲಿ ತೊಳೆಯಕೂಡದು.